ನಾನು ಹೆಬ್ಬೆಟ್ಟಾದ ದಿನ

ನಿನ್ನೆ ಸಂಜೆ ಕನ್ನಡಕದ ಅಂಗಡಿಗೆ ಹೋಗಿದ್ದೆ. ಒಂದು ಕಡ್ಡಿ ಸೊಟ್ಟಗಾಗಿತ್ತು. ಅಂಗಡಿಯವರು ಕನ್ನಡಕವನ್ನು ಎತ್ತಿ ಹಿಡಿದು ನೋಡಿದರು, ಆಮೇಲೆ ಮೂಸಿದರು. "ಏನ್ ಮೇಡಂ, ಎಣ್ಣೆ ವಾಸನೆ?" ಕೋಡುಬಳೆಯದ್ದು ಎಂದೆ. ಅವರು ಮುಖ ನೋಡಿದರು. ಸರಿ, ಎಲ್ಲ ಹೇಳಿದೆ. ಅಂಡಮಾನ್, ಸಮುದ್ರ, ಮುಖಕ್ಕೆ ಮಾಸ್ಕು ಹಾಕಿ ಬಾಯಲ್ಲಿ ಕೊಳವೆ ಕಚ್ಚಿ ನೀರೊಳಗೆ ಮೀನು ನೋಡುವ ಸ್ನಾರ್ಕ್ಲಿಂಗ್, ಡಬ್ಬ. ಪೂರ್ತಿ ಕೇಳಿಸಿಕೊಂಡು ಅವರು ಹೇಳಿದ್ದು ಒಂದೇ ಮಾತು: "ಪವರ್ ಇರೋ ಮಾಸ್ಕೇ ಬರುತ್ತಲ್ಲ ಮೇಡಂ, ಹೋಗೋಕ್ ಮುಂಚೆ ಒಂದ್ ಮಾತು ಕೇಳ್ಬಾರ್ದಿತ್ತಾ?"

ರಾತ್ರಿ ನಿದ್ದೆ ಬರಲಿಲ್ಲ.

ನನ್ನದು ಎರಡೂ ಕಣ್ಣು ಮೈನಸ್ ಆರೂವರೆ. ಕನ್ನಡಕ ತೆಗೆದಿಟ್ಟರೆ ಅದನ್ನು ಎಲ್ಲಿಟ್ಟೆ ಎಂದು ಹುಡುಕುವುದಕ್ಕೆ ಇನ್ನೊಂದು ಕನ್ನಡಕ ಬೇಕು. ಸ್ನಾನದ ಮನೆಯಲ್ಲಿ ಬಾಟಲಿಯನ್ನು ಮೂಗಿಗೆ ತಾಗಿಸಿ ಶಾಂಪೂ ಹೌದೋ ಅಲ್ಲವೋ ಓದುವವಳು ನಾನು. ಇಂಥವಳನ್ನು ನಮ್ಮ ಮನೆಯವರು ಮೀನು ನೋಡಲು ಬೆಂಗಳೂರಿನಿಂದ ಹ್ಯಾವ್ಲಾಕ್‌ವರೆಗೆ ಕರೆದುಕೊಂಡು ಹೋದರು. 2018ರಿಂದ ಆ ದ್ವೀಪದ ಹೆಸರು ಸ್ವರಾಜ್ ದ್ವೀಪ್. ಆದರೂ ಅಲ್ಲಿ ಆಟೋದವರಿಂದ ಎಳನೀರಿನವರವರೆಗೆ ಎಲ್ಲರಿಗೂ ಅದು ಹ್ಯಾವ್ಲಾಕೇ.

ಜೆಟ್ಟಿಯಿಂದ ಎಲಿಫೆಂಟ್ ಬೀಚಿಗೆ ದೋಣಿ. ಲೈಫ್ ಜಾಕೆಟ್ ಹಾಕಿಕೊಂಡು ಕೂತರೆ ಉಸಿರಾಟಕ್ಕೂ ಜಾಗವಿಲ್ಲ. ನನಗೆ ಈಜು ಬರಲ್ಲ, ನೀವೂ ಮಗನೂ ಇಳಿಯಿರಿ ಎಂದು ಕೊನೆಯ ಸಲ ಹೇಳಿ ನೋಡಿದೆ. ಇವರು ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು. ಹಿಂದೆ ಇಲ್ಲೆಲ್ಲ ಮರ ಸಾಗಿಸಲು ಆನೆಗಳಿದ್ದವಂತೆ. ರಾಜನ್ ಅನ್ನುವ ಆನೆಯೊಂದು ಇದೇ ಸಮುದ್ರದಲ್ಲಿ ಈಜುತ್ತಿತ್ತಂತೆ, 2016ರಲ್ಲಿ ತೀರಿಕೊಂಡಿತಂತೆ. "ಆನೆನೇ ಈಜಿದೆ, ನಿಂಗೇನೇ?" ಎಂದರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಹೇಳುವ ಧೈರ್ಯದ ಮಾತಾ ಇದು? ಪಕ್ಕದಲ್ಲಿದ್ದ ಗುಜರಾತಿ ಹೆಂಗಸಿಗೆ ಕನ್ನಡ ಬರುವುದಿಲ್ಲ ಅನ್ನುವುದೊಂದೇ ಸಮಾಧಾನ.

ದಡದಲ್ಲಿ ಇಳಿದ ಮೇಲೆ ಕನ್ನಡಕ ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಿತು. ಕೇಸು ರೂಮಿನಲ್ಲೇ ಉಳಿದಿತ್ತು. ಚೀಲದಲ್ಲಿ ಗಟ್ಟಿಯಾಗಿದ್ದದ್ದು ಅತ್ತೆ ಕಟ್ಟಿಕೊಟ್ಟ ಕೋಡುಬಳೆ ಡಬ್ಬ ಒಂದೇ. ಅದರೊಳಗೆ ಇಟ್ಟು ಮುಚ್ಚಳ ಒತ್ತಿದೆ. ಕಟಕ್ ಅಂದಿತು. ಕೋಡುಬಳೆ ಅಂದುಕೊಂಡೆ.

ಅಲ್ಲಿಗೆ ಪ್ರಪಂಚ ಮುಗಿಯಿತು. ಸೊಂಟದ ಮಟ್ಟದ ನೀರಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಗೈಡ್ ಹುಡುಗ ಪಾಠ ಶುರು ಮಾಡಿದ. ಮೂಗಿನಲ್ಲಿ ಉಸಿರಾಡಬಾರದು, ಬಾಯಲ್ಲೇ ಎಂದ. ಆರು ವರ್ಷದಿಂದ ಯೋಗದ ಟೀಚರು ಬಾಯಿ ಮುಚ್ಚಿ, ಮೂಗಿನಲ್ಲಿ ಎಂದು ಬೈದು ಬೈದು ಕಲಿಸಿದ್ದು ನೀರುಪಾಲು. ಇವರ ಮೀಸೆಯಿಂದಾಗಿ ಮಾಸ್ಕಿನೊಳಗೆ ನೀರು ನುಗ್ಗಿತು. ಅದಕ್ಕೆ ವ್ಯಾಸಲೀನ್ ಬಳಿದ. ಆಮೇಲೆ ಕೈಸನ್ನೆ. ಒಂದು ಕೈ ಎತ್ತಿ "ಐಸಾ ಮತ್ಲಬ್ ಠೀಕ್ ಹೈ" ಎಂದ. ಮತ್ತೆ ಎತ್ತಿ "ಐಸಾ ಮತ್ಲಬ್ ಊಪರ್" ಎಂದ.

ಅವನ 'ಐಸಾ' ಎರಡು ಸಲವೂ ನನಗೆ ಒಂದೇ ಲಾಡು ತರಹ ಕಂಡಿತು. ಹಿಂದಿ ಅರ್ಥವಾಗದೆ ಅಲ್ಲ, ಬೆರಳು ಕಾಣದೆ. ಇನ್ನೊಮ್ಮೆ ತೋರಿಸಪ್ಪಾ ಎನ್ನಲು ನಾಚಿಕೆ. ಎಲ್ಲರೂ ಹೂಂಗುಟ್ಟಿದರು, ನಾನೂ ಹೂಂಗುಟ್ಟಿದೆ. ಶಾಲೆಯಲ್ಲಿ ಗಣಿತ ಪಾಠದಲ್ಲಿ ಮಾಡುತ್ತಿದ್ದದ್ದೂ ಇದನ್ನೇ.

ರಬ್ಬರ್ ಟ್ಯೂಬು ಹಿಡಿಸಿ ಎಳೆದುಕೊಂಡು ಹೋದ. ತಲೆ ಮುಳುಗಿಸಿದೆ. ನೀಲಿ. ನೀಲಿಯೊಳಗೆ ಒಂದಿಷ್ಟು ಹಳದಿ. ಹುಡುಗ ನನ್ನ ಭುಜ ತಟ್ಟಿ ಕೆಳಗೆ ಏನೋ ತೋರಿಸಿದ. ಪಾಪ, ಇಷ್ಟು ಪ್ರೀತಿಯಿಂದ ತೋರಿಸುತ್ತಿದ್ದಾನೆ, ಸುಮ್ಮನಿದ್ದರೆ ಚೆನ್ನಾಗಿರಲ್ಲ ಅಲ್ವಾ? ಹೆಬ್ಬೆಟ್ಟು ಎತ್ತಿ ಸೂಪರ್ ಎಂದೆ.

ಸಟ್ಟನೆ ನನ್ನನ್ನು ಮೇಲೆತ್ತಿದ. "ಕ್ಯಾ ಹುವಾ ಮೇಡಂ?"

ಏನೂ ಆಗಿಲ್ಲ, ಚೆನ್ನಾಗಿದೆ ಎಂದೆ. ಮತ್ತೆ ಮುಳುಗಿಸಿದ. ಮತ್ತೆ ತೋರಿಸಿದ. ಈ ಸಲ ಇನ್ನೂ ಜಾಸ್ತಿ ಉತ್ಸಾಹದಿಂದ ಹೆಬ್ಬೆಟ್ಟು ಎತ್ತಿದೆ. ಮತ್ತೆ ಮೇಲೆ. "ಪಾನಿ ಗಯಾ ಕ್ಯಾ?" ಇಲ್ಲಪ್ಪಾ. ಮುಳುಗು. ಹೆಬ್ಬೆಟ್ಟು. ಮೇಲೆ. ಮಾಸ್ಕು ಬಿಗಿ ಮಾಡಿದ. ಮುಳುಗು. ಈಗ ಎರಡೂ ಕೈಯ ಹೆಬ್ಬೆಟ್ಟು ಎತ್ತಿದೆ. ಗಾಬರಿಯಾಗಿ ಕೊರಳಪಟ್ಟಿ ಹಿಡಿದೇ ಎತ್ತಿದ. ಬಾವಿಗೆ ಬಿದ್ದ ಕೊಡವನ್ನೂ ಯಾರೂ ಅಷ್ಟು ಅವಸರದಲ್ಲಿ ಎತ್ತಿರಲಿಕ್ಕಿಲ್ಲ. ಟಿಕೆಟ್ಟಿನ ಜೊತೆ ಸಿಗುವುದು ಹತ್ತು ನಿಮಿಷ. ಅದರಲ್ಲಿ ಆರು ನಿಮಿಷ ನಾನು ನೀರಿನ ಮೇಲೆಯೇ ಇದ್ದೆ, ನನಗೇನೂ ಆಗಿಲ್ಲ ಎಂದು ಹೇಳುತ್ತಾ.

ಕಡೆಗೆ ಬೇಸರವಾಗಿ ಎರಡೂ ಕೈಯಲ್ಲಿ ಟ್ಯೂಬು ಹಿಡಿದು ಸುಮ್ನೆ ತೇಲಿದೆ. ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು. ಕೆಳಗೆ ಬಣ್ಣಗಳು ಕರಗಿ, ಒಂದಕ್ಕೊಂದು ಸೇರಿ ತೂಗುತ್ತಿದ್ದವು. ಇದನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ಐದನೇ ಕ್ಲಾಸಿನವರೆಗೂ ನನಗೆ ಕನ್ನಡಕ ಇರಲಿಲ್ಲ. ಬೀದಿದೀಪ ಅಂದರೆ ಚೆಂಡುಹೂವಿನಷ್ಟು ದೊಡ್ಡ ಬೆಳಕು, ತೇರು ಅಂದರೆ ತೂಗುವ ಬಣ್ಣ, ಎಲ್ಲರಿಗೂ ಹೀಗೇ ಕಾಣುತ್ತದೆ ಅಂದುಕೊಂಡಿದ್ದೆ. ಕನ್ನಡಕ ಬಂದ ದಿನ ಅಪ್ಪನ ಸೈಕಲ್ಲಿನ ಹಿಂದೆ ಕೂತು ಬರುವಾಗ ಮರದಲ್ಲಿ ಎಲೆಗಳು ಬೇರೆ ಬೇರೆಯಾಗಿ ಇವೆ ಎಂದು ಕೂಗಿದ್ದೆ. ಅಪ್ಪ ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾಕೆ ಅಂತ ಆಗ ಗೊತ್ತಾಗಿರಲಿಲ್ಲ.

ಹುಡುಗ ಮತ್ತೆ ಭುಜ ತಟ್ಟಿದ. ಟೈಮ್ ಆಯಿತಂತೆ.

ದಡದಲ್ಲಿ ಮ್ಯಾಗಿ ತಿನ್ನುತ್ತಾ ಅಪ್ಪ ಮಗ ಶುರು ಮಾಡಿದರು. ಗಿಳಿ ಮೀನು ನೋಡಿದ್ಯಾ? ಕಿತ್ತಳೆ ಬಣ್ಣದ ಕ್ಲೌನ್ ಮೀನು? ಬೆಳ್ಳಗಾದ ಹವಳ? 2010ರಲ್ಲಿ ಸಮುದ್ರ ಬಿಸಿಯಾಗಿ ಇಲ್ಲಿ ಬಹಳ ಹವಳ ಬಿಳಿಚಿಕೊಂಡಿತ್ತು ಎಂದು ಇವರು ಮತ್ತೆ ಮೊಬೈಲ್ ಪಾಠ ಒಪ್ಪಿಸಿದರು. ನನಗೆ ಬದುಕಿದ್ದೂ ಸತ್ತದ್ದೂ ಒಂದೇ ಮಂಜಾಗಿತ್ತು. ನೋಡಿದೆ, ನೋಡಿದೆ ಎಂದೆ.

ಹೆಬ್ಬೆಟ್ಟಿನ ಗುಟ್ಟು ಬಿಟ್ಟುಕೊಟ್ಟವನು ಮಗ. ವಾಪಸು ದೋಣಿಯಲ್ಲಿ ಗೈಡ್ ತೆಗೆದ ವಿಡಿಯೋ ನೋಡುತ್ತಾ ಬಿದ್ದು ಬಿದ್ದು ನಕ್ಕ. "ಅಮ್ಮಾ, ನೀರಲ್ಲಿ ಹೆಬ್ಬೆಟ್ಟು ಎತ್ತಿದ್ರೆ ಮೇಲೆ ಕರ್ಕೊಂಡ್ ಹೋಗಿ ಅಂತ ಅರ್ಥ! ಚೆನ್ನಾಗಿದೆ ಅನ್ನೋಕೆ ಬೆರಳು ಸೇರಿಸಿ ಸೊನ್ನೆ ಮಾಡ್ಬೇಕು." ಎಂ.ಎ. ಮಾಡಿದ ನಾನು ಹೀಗೆ ಸಮುದ್ರದ ನಡುವೆ ಹೆಬ್ಬೆಟ್ಟಾದೆ. ಆ ವಿಡಿಯೋಗೆ ಬೇರೆ ದುಡ್ಡು ಕೊಟ್ಟಿದ್ದೇವೆ. ಅದರಲ್ಲಿ ಮೀನು ಸ್ಫಟಿಕದ ಹಾಗೆ ಕಾಣುತ್ತದೆ. ಆದರೆ ನಾಲ್ಕು ಸೆಕೆಂಡ್ ಮೀನು, ಆಮೇಲೆ ನನ್ನ ಬೆರಳು, ಆಮೇಲೆ ಅಲ್ಲಾಡುವ ಆಕಾಶ. ಮತ್ತೆ ಮೀನು, ಬೆರಳು, ಆಕಾಶ. ಬಂದ ನೆಂಟರಿಗೆಲ್ಲ ಇವರು ಅದನ್ನು ಟೀವಿಗೆ ಹಾಕಿ ತೋರಿಸುತ್ತಾರೆ.

ಇವತ್ತು ಬೆಳಿಗ್ಗೆ ಅತ್ತೆ ಹೊಸ ರವೆಯಲ್ಲಿ ಉಪ್ಪಿಟ್ಟು ಮಾಡಿದ್ದರು. ಹೇಗಾಗಿದೆಯಮ್ಮಾ ಎಂದು ಕೇಳಿದರು. ಬಾಯಿ ತುಂಬಾ ಉಪ್ಪಿಟ್ಟಿತ್ತು, ಹೆಬ್ಬೆಟ್ಟು ಎತ್ತಿದೆ. ಎಡಗಡೆಯಿಂದ ಮಗ, ಬಲಗಡೆಯಿಂದ ಇವರು ಬಂದು, ರಟ್ಟೆ ಹಿಡಿದು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದರು.