ಹೂವಿನ ಅಲಂಕಾರದ ಟೈಪ್‌ರೈಟರ್

1874ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಷೋಲ್ಸ್ ಮತ್ತು ಗ್ಲಿಡನ್ ಟೈಪ್‌ರೈಟರಿನ ಫೋಟೋ ನೋಡಿ. ಕಪ್ಪು ಮೈಮೇಲೆ ಬಣ್ಣಬಣ್ಣದ ಹೂಗಳು. ಕೆಳಗೆ ಕಬ್ಬಿಣದ ಸ್ಟ್ಯಾಂಡು, ಅದರಡಿ ಒಂದು ಪೆಡಲ್ಲು. ಸಾಲು ಮುಗಿದಾಗ ಅದನ್ನು ಕಾಲಲ್ಲಿ ಒತ್ತಬೇಕು, ಕಾಗದ ಮುಂದಿನ ಸಾಲಿನ ಶುರುವಿಗೆ ಬರುತ್ತದೆ. ರವಿಕೆ ಹೊಲಿಯೋ ಮಷೀನು ಅಂದರೂ ಯಾರೂ ಅನುಮಾನ ಪಡುವುದಿಲ್ಲ.

ಅದಕ್ಕೆ ಕಾರಣವೂ ಇದೆ. ತಯಾರಿಸಿದ್ದು ರೆಮಿಂಗ್ಟನ್ ಕಂಪನಿ. ಅವರದು ಬಂದೂಕಿನ ವ್ಯಾಪಾರ. ಅಂತರ್ಯುದ್ಧ ಮುಗಿದು ಬಂದೂಕಿಗೆ ಗಿರಾಕಿ ಕಡಿಮೆಯಾದ ಮೇಲೆ ಹೊಲಿಗೆ ಮಷೀನನ್ನೂ ಮಾಡುತ್ತಿದ್ದರು. ಟೈಪ್‌ರೈಟರನ್ನು ತಿದ್ದಿ ತೀಡಿದ್ದೂ ಅದೇ ವಿಭಾಗದವರು. ಕೈಗೆ ಅಭ್ಯಾಸವಾದದ್ದನ್ನೇ ಮಾಡಿದರು, ಅಷ್ಟೆ.

ಇದರ ಮೂಲಪುರುಷ ಕ್ರಿಸ್ಟೋಫರ್ ಷೋಲ್ಸ್ ಅಮೆರಿಕದ ಮಿಲ್ವಾಕಿ ಊರಿನ ಪತ್ರಿಕೆಯವನು. ಮೊದಲು ಪುಟಗಳಿಗೆ ನಂಬರು ಒತ್ತುವ ಯಂತ್ರ ಮಾಡುತ್ತಿದ್ದ. ನಂಬರು ಒತ್ತುವುದಾದರೆ ಅಕ್ಷರ ಯಾಕೆ ಆಗಬಾರದು ಅಂತ ಗೆಳೆಯ ಗ್ಲಿಡನ್ ಕೇಳಿದನಂತೆ. 1868ರಲ್ಲಿ ಪೇಟೆಂಟೂ ಸಿಕ್ಕಿತು.

ನನಗೆ ತುಂಬಾ ಇಷ್ಟವಾಗುವುದು ಅದರ ಕುರುಡುತನ. ಅಕ್ಷರದ ಕಡ್ಡಿಗಳು ಕೆಳಗಿನಿಂದ ಮೇಲೆ ಚಿಮ್ಮಿ, ರೋಲರಿನ ಅಡಿಭಾಗಕ್ಕೆ ಬಡಿಯುತ್ತಿದ್ದವು. ಹೊಡೆದದ್ದು ಕಾಣಬೇಕೆಂದರೆ ಕಾಗದ ಹಿಡಿದಿರುವ ಭಾಗವನ್ನು, ಅಂದರೆ ಕ್ಯಾರೇಜನ್ನು, ಎತ್ತಬೇಕು, ಇಲ್ಲವೇ ಇನ್ನೂ ಕೆಲವು ಸಾಲು ಹೊಡೆಯಬೇಕು. ನಮ್ಮೂರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೇಷ್ಟ್ರು 'ಕೀ ನೋಡಬೇಡ, ಕೀ ನೋಡಬೇಡ' ಅಂತ ಗದರುತ್ತಿದ್ದರಲ್ವಾ? ಇಲ್ಲಿ ಕಾಗದ ನೋಡುವ ಭಾಗ್ಯವೂ ಇಲ್ಲ! ಬರೆಯುತ್ತಲೇ ಮೂರು ಸಲ ಅಳಿಸುವ ನಮ್ಮಂಥವರಿಗೆ ಅದೇ ಒಳ್ಳೆಯದಿತ್ತೇನೋ. ತಪ್ಪು ಕಾಣುವಷ್ಟರಲ್ಲಿ ಮಾತು ಎಷ್ಟೋ ಮುಂದೆ ಹೋಗಿರುತ್ತಿತ್ತು.

ಇಷ್ಟಕ್ಕೆ ಬೆಲೆ 125 ಡಾಲರ್. ಅದೂ ಬರೀ ದೊಡ್ಡಕ್ಷರ. ಸಣ್ಣಕ್ಷರವೂ ಬೇಕೆಂದವರು 1878ರ ರೆಮಿಂಗ್ಟನ್ ನಂಬರ್ 2 ಬರುವ ತನಕ ಕಾಯಬೇಕಾಯಿತು.

ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1874ರಲ್ಲೇ ಒಂದನ್ನು ಕೊಂಡ. ಮರುವರ್ಷ ಕಂಪನಿಯವರು ಮಷೀನಿನ ಬಗ್ಗೆ ಎರಡು ಒಳ್ಳೆಯ ಮಾತು ಬರೆದುಕೊಡಿ ಎಂದು ಕೇಳಿದರೆ, ತನ್ನ ಹೆಸರು ಎಲ್ಲೂ ಬಳಸಬೇಡಿ ಎಂದುಬಿಟ್ಟ. ಅದರಲ್ಲಿ ಯಾರಿಗೆ ಕಾಗದ ಬರೆದರೂ ಮರುಟಪಾಲಿಗೆ ಉತ್ತರ ಬರುತ್ತಿತ್ತಂತೆ: ಆ ಮಷೀನು ಹೇಗಿದೆ, ಕಲಿಕೆ ಎಲ್ಲಿಗೆ ಬಂತು ಅಂತ. ಪತ್ರದಲ್ಲಿದ್ದ ವಿಷಯವನ್ನು ಕೇಳುವವರು ಯಾರು ಮತ್ತೆ?