ತರಬೇತಿ ಕೊಟ್ಟ ಮೇಲೆ ಯಾರು ಜೊತೆಗಿರ್ತಾರೆ?

ಆಫ್ರಿಕಾದ ಹಳ್ಳಿ ಕ್ಲಿನಿಕ್‌ಗಳು ಸುಧಾರಿಸಬೇಕಾದರೆ ಸಿಬ್ಬಂದಿಗೆ ಹೆಚ್ಚು ತರಬೇತಿ ಶಿಬಿರ ಬೇಕು ಅಂತ ಈಚೆಗೆ ಓದಿದ ಲೇಖನವೊಂದು ಹೇಳುತ್ತದೆ. ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಊರಿಗೆ ವಾಪಸ್ ಹೋದ ನರ್ಸ್ ಮುಂದೆ ಉದ್ದ ಸಾಲು ನಿಂತಿರುತ್ತದೆ. ಕಲಿತದ್ದೆಲ್ಲ ಆ ಗಡಿಬಿಡಿಯಲ್ಲಿ ಹಿಂದೆ ಬೀಳುತ್ತದೆ.

ರುವಾಂಡಾದ ಉದಾಹರಣೆ ನೋಡಿ. ಅಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳನ್ನು ಬಹುತೇಕ ನರ್ಸ್‌ಗಳೇ ನಡೆಸುತ್ತಾರೆ. 2010ರಲ್ಲಿ ಸರ್ಕಾರ ಮತ್ತು ಪಾರ್ಟ್ನರ್ಸ್ ಇನ್ ಹೆಲ್ತ್ ಅನ್ನೋ ಸ್ವಯಂಸೇವಾ ಸಂಸ್ಥೆ ಸೇರಿ ಕಿರೆಹೆ, ಕಯೊಂಜಾ ಜಿಲ್ಲೆಗಳಲ್ಲಿ 'ಮೆಶ್' ಅನ್ನೋ ಕಾರ್ಯಕ್ರಮ ಶುರು ಮಾಡಿದವು. ಇದರಲ್ಲಿ ಅನುಭವಿ ನರ್ಸ್ ಒಬ್ಬರು ಮಾರ್ಗದರ್ಶಕರಾಗಿ ಕೇಂದ್ರಕ್ಕೇ ಬಂದು, ಅಲ್ಲಿನ ನರ್ಸ್ ರೋಗಿ ನೋಡುವಾಗ ಪಕ್ಕದಲ್ಲೇ ಕೂತು ತಿದ್ದುತ್ತಾರೆ. ಮತ್ತೆ ಮತ್ತೆ ಬರುತ್ತಾರೆ.

ಕೆಮ್ಮುವ ಮಗು ಬಂತು ಅಂದುಕೊಳ್ಳಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳು ತುಂಬಿದ, ಒಂದು ವರ್ಷ ತುಂಬದ ಮಗುವಿಗೆ ಅದು 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನ್ಯುಮೋನಿಯಾ ಇರಬಹುದು. ಹಾಲು ಕುಡಿಯುತ್ತಿದೆಯಾ, ಫಿಟ್ಸ್ ಬಂದಿತ್ತಾ ಅಂತಲೂ ಕೇಳಬೇಕು. ಸಾಲು ಉದ್ದ ಇದ್ದಾಗ ಮೊದಲು ಬಿಟ್ಟುಹೋಗೋದೇ ಈ ಒಂದು ನಿಮಿಷ. ಪಕ್ಕದಲ್ಲಿ ಕೂತವರಿಗೆ ಅದು ಕಾಣುತ್ತದೆ, ಶಿಬಿರದಲ್ಲಿ ಪಾಠ ಮಾಡುವವರಿಗೆ ಹೇಗೆ ಕಾಣಬೇಕು ಹೇಳಿ?

ಇನ್ನೊಂದು ವಿಷಯ. ಥರ್ಮಾಮೀಟರ್ ಇಲ್ಲ, ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯೋಟಿಕ್ ಔಷಧಿ ಮುಗಿದಿದೆ ಅಂದರೆ ನರ್ಸನ್ನು ಬೈದು ಏನು ಪ್ರಯೋಜನ? ಮೆಶ್‌ನಲ್ಲಿ ಇಂಥ ಕೊರತೆ ಸರಿಪಡಿಸೋದೂ ಮಾರ್ಗದರ್ಶಕರ ಕೆಲಸದ ಭಾಗ. ನನಗೆ ತುಂಬಾ ಹಿಡಿಸಿದ್ದು ಇದೇ. ತಪಾಸಣೆ ಅಂತ ಬಂದು ರಿಜಿಸ್ಟರ್‌ಗೆ ಸಹಿ ಹಾಕಿ ಹೋಗುವವರಿಗಿಂತ ಇವರು ಎಷ್ಟೋ ವಾಸಿ ಅಲ್ವಾ? ಲೇಖಕರು ಮುಂದಿನ ಸಲ ಇದರ ಬಗ್ಗೆಯೂ ಬರೆಯಲಿ.