ಮೇಲೆ ಯಾರೂ ಇಲ್ಲದ ಚರ್ಚು

ಹ್ಯೂಸ್ಟನ್‌ಗೆ ಬಂದ ಮೊದಲ ಭಾನುವಾರ ನನ್ನ ಜೇಬಿನಲ್ಲಿ ಒಂದು ಪತ್ರ ಇತ್ತು. ಮೈಸೂರಿನ ನಮ್ಮ ಸಭಾಪಾಲಕರು ಸಹಿ ಮಾಡಿ, ಸೀಲು ಹಾಕಿ ಕೊಟ್ಟಿದ್ದು. ಇವರು ನಮ್ಮ ಸಭೆಯವರು, ದೀಕ್ಷಾಸ್ನಾನ ಆಗಿದೆ, ನಿಮ್ಮಲ್ಲಿ ಸೇರಿಸಿಕೊಳ್ಳಿ ಅಂತ. ಸಿಎಸ್ಐನವರು, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು, ಊರು ಬದಲಿಸುವಾಗ ಹೀಗೆ ಪತ್ರ ಒಯ್ಯುವುದು ರೂಢಿ. ಮನೆಗೆ ಹತ್ತಿರ ಅಂತ ನಾನು ಹೋದ ಚರ್ಚಿನ ಬಾಗಿಲಲ್ಲಿ ಕೂತಿದ್ದ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತುಂಬಾ ಚೆನ್ನಾಗಿದೆ ಅಂದಳು. ಪತ್ರ ವಾಪಸ್ ಕೊಟ್ಟು, ಜೊತೆಗೆ ಚರ್ಚಿನ ಹೆಸರಿದ್ದ ಒಂದು ಕಾಫಿ ಮಗ್ಗೂ ಕೊಟ್ಟಳು.

ನೀವು ಯಾವ ಪಂಗಡ ಅಂತ ಕೇಳಿದೆ. ಯಾವುದೂ ಇಲ್ಲ, ನಾನ್‌ಡಿನಾಮಿನೇಷನಲ್, ಸುಮ್ನೆ ಯೇಸುವನ್ನು ನಂಬೋರು ಅಂದಳು.

ಇಂಥ ಚರ್ಚುಗಳು ಅಮೆರಿಕದಲ್ಲಿ ಈಗ ಅಲ್ಲೊಂದು ಇಲ್ಲೊಂದು ಅಲ್ಲ. 2020ರ ಧಾರ್ಮಿಕ ಗಣತಿಯಲ್ಲಿ ಸುಮಾರು 44 ಸಾವಿರ ಸಭೆ, 2.1 ಕೋಟಿ ಜನ ಸಿಕ್ಕಿದ್ದಾರೆ. ನಮ್ಮ ಹ್ಯೂಸ್ಟನ್ನಿನ ಲೇಕ್‌ವುಡ್ ಚರ್ಚನ್ನೇ ನೋಡಿ. 1959ರಲ್ಲಿ ದನದ ಮೇವು ಮಾರುತ್ತಿದ್ದ ಹಳೇ ಅಂಗಡಿಯಲ್ಲಿ ಶುರುವಾಗಿದ್ದು, 2005ರಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಕ್ರೀಡಾಂಗಣಕ್ಕೆ ಬಂತು. ಹದಿನಾರು ಸಾವಿರ ಕುರ್ಚಿ! ಸ್ಥಾಪಿಸಿದ ಜಾನ್ ಆಸ್ಟೀನ್ ಮೊದಲು ಬ್ಯಾಪ್ಟಿಸ್ಟ್ ಅನ್ನೋ ಪಂಗಡದ ಪಾದ್ರಿ. 1999ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಜೋಯೆಲ್ ವೇದಿಕೆ ಹತ್ತಿದರು.

ಪಂಗಡ ಇಲ್ಲ ಅಂದರೆ ಸಿದ್ಧಾಂತವೂ ಇಲ್ಲ, ಯಾರು ಏನು ಬೇಕಾದರೂ ನಂಬಬಹುದು ಅಂದುಕೊಂಡಿದ್ದೆ. ಮಗಳು ಹುಟ್ಟಿದಾಗ ಬಣ್ಣ ಬಯಲಾಯಿತು. ಮೂರು ತಿಂಗಳ ಮಗುವಿಗೆ ದೀಕ್ಷಾಸ್ನಾನ ಕೊಡಿಸಬೇಕು ಅಂದೆವು. ಪಾಸ್ಟರ್ ನಗುತ್ತಲೇ ಆಗಲ್ಲ ಅಂದರು. ಮಗುವನ್ನು ದೇವರಿಗೆ ಸಮರ್ಪಿಸಿ ಪ್ರಾರ್ಥನೆ ಮಾಡೋಣ, ದೊಡ್ಡವಳಾಗಿ ತಾನೇ ನಂಬಿದ ಮೇಲೆ ನೀರಲ್ಲಿ ಮುಳುಗಿಸೋಣ ಅಂತ. ಅಲ್ಲ, ಇದು ಅಪ್ಪಟ ಬ್ಯಾಪ್ಟಿಸ್ಟರ ಮಾತು ತಾನೇ? ಬೋರ್ಡಿನ ಮೇಲೆ ಹೆಸರಿಲ್ಲ, ಅಷ್ಟೇ. ಅವರ ವೆಬ್‌ಸೈಟಿನಲ್ಲಿ 'ನಾವು ಏನನ್ನು ನಂಬುತ್ತೇವೆ' ಅನ್ನೋ ಪುಟ ಆಮೇಲೆ ಓದಿದೆ, ಎಲ್ಲಾ ಬರೆದೇ ಇತ್ತು.

ಹಾಗಾದರೆ ನಿಜವಾಗಿ ಇಲ್ಲದೇ ಇರುವುದು ಏನು? ನನ್ನ ಪ್ರಕಾರ ಇದನ್ನು ತಿಳಿಯೋಕೆ ಎರಡೇ ಪ್ರಶ್ನೆ ಸಾಕು. ಪಾಸ್ಟರನ್ನು ವರ್ಗ ಮಾಡುವವರು ಯಾರು? ಕಟ್ಟಡದ ಕಾಗದ ಯಾರ ಹೆಸರಲ್ಲಿದೆ? ನಮ್ಮಲ್ಲಿ ಕೆಲವು ವರ್ಷಕ್ಕೊಮ್ಮೆ ಬಿಷಪ್ಪರಿಂದ ಆದೇಶ ಬರುತ್ತದೆ, ಸಭಾಪಾಲಕರು ಗಂಟುಮೂಟೆ ಕಟ್ಟುತ್ತಾರೆ. ಆಸ್ತಿ ಸಿಎಸ್ಐ ಟ್ರಸ್ಟ್ ಅಸೋಸಿಯೇಷನ್ನಿನದು. ಇಲ್ಲಿ ಬಿಷಪ್ಪೂ ಇಲ್ಲ, ಸಭೆಗಳನ್ನೆಲ್ಲ ಆಳುವ ಸಿನೋಡೂ ಇಲ್ಲ. ಸಭೆಯ ನಾಲ್ಕಾರು ಹಿರಿಯರು, ಪಾಸ್ಟರು, ಆಸ್ತಿಯೂ ಸಭೆಯದೇ. ಎಲ್ಲಾ ಸರಿ ಇದ್ದಾಗ ಇದು ಬಲು ಚುರುಕು. ಊಟ ಹಂಚಬೇಕು ಅಂದರೆ ಮಂಗಳವಾರ ಮಾತಾಡಿ ಶನಿವಾರ ಹಂಚುತ್ತಾರೆ, ನಮ್ಮಲ್ಲಾದರೆ ಕಮಿಟಿ ಕೂರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಕೆಟ್ಟಾಗ ಮಾತ್ರ ಕಷ್ಟ. ನಮ್ಮ ಈ ಚರ್ಚಿನಲ್ಲೇ ಪಾಸ್ಟರಿಗೂ ಹಿರಿಯರಿಗೂ ದುಡ್ಡಿನ ವಿಷಯಕ್ಕೆ ಮನಸ್ತಾಪ ಬಂತು. ದೂರು ಹೇಳೋಕೆ ಮೇಲೆ ಯಾರಿದ್ದಾರೆ? ಒಂದು ಭಾನುವಾರ ಅರ್ಧ ಜನ ಎದ್ದು ಹೋಗಿ, ಶಾಲೆಯೊಂದರ ಸಭಾಂಗಣ ಬಾಡಿಗೆಗೆ ಹಿಡಿದು, ಅಲ್ಲೂ ನಾನ್‌ಡಿನಾಮಿನೇಷನಲ್ ಅಂತಲೇ ಬ್ಯಾನರು ಕಟ್ಟಿದರು.

ಇದು ಇಲ್ಲಿಗೆ ಹೊಸದಲ್ಲ. 1804ರಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ಬಾರ್ಟನ್ ಸ್ಟೋನ್ ಮತ್ತು ಜೊತೆಗಾರರು ತಾವೇ ಕಟ್ಟಿದ್ದ ಸ್ಪ್ರಿಂಗ್‌ಫೀಲ್ಡ್ ಪ್ರೆಸ್ಬಿಟರಿಯ, ಅಂದರೆ ಹಲವು ಸಭೆಗಳ ಮೇಲಿನ ಆಡಳಿತ ಮಂಡಳಿಯ, ಹೆಸರಲ್ಲಿ ಉಯಿಲು ಬರೆದರು. ಸಾಯುವವರು ಬರೆಯುತ್ತಾರಲ್ಲ, ಹಾಗೇ. ಈ ಸಂಸ್ಥೆ ಸಾಯಲಿ, ಕ್ರಿಸ್ತನ ಒಂದೇ ದೇಹದಲ್ಲಿ ಕರಗಲಿ ಅಂತ. ನನಗಂತೂ ಈ ಉಯಿಲು ಬಹಳ ಇಷ್ಟ. ಆದರೆ ಪಂಗಡವೇ ಬೇಡ ಅಂದವರ ಆ ಚಳವಳಿ ಮುಂದೆ ತಾನೇ ಮೂರು ಕವಲಾಯಿತು.

ನಮ್ಮವರು ಇದೇ ಆಸೆಗೆ ಬೇರೆ ದಾರಿ ಹಿಡಿದರು. ನನ್ನ ತಾತ ವೆಸ್ಲಿ ಮಿಷನ್ನಿನವರಾಗಿ, ಅಂದರೆ ಮೆಥಡಿಸ್ಟರಾಗಿ, ಹುಟ್ಟಿದವರು, ಸಿಎಸ್ಐನವರಾಗಿ ತೀರಿಕೊಂಡವರು. ಮಧ್ಯದಲ್ಲಿ ಚರ್ಚು ಬದಲಿಸಲಿಲ್ಲ, ಕೂರುವ ಬೆಂಚೂ ಬದಲಿಸಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಒಂದಾಗಿ ಸಿಎಸ್ಐ ಆದರು. ಸ್ವಾತಂತ್ರ್ಯ ಬಂದು ಆರು ವಾರವಷ್ಟೇ. ಅದಕ್ಕೆ ಹಿಂದೆ ಇಪ್ಪತ್ತೆಂಟು ವರ್ಷ ಮಾತುಕತೆ, ಬಿಷಪ್ ಬೇಕೋ ಬೇಡವೋ ಅಂತ ಜಗ್ಗಾಟ. ಇಲ್ಲಿಯವರು ಮನೆ ಬಿಟ್ಟು ಹೊರಗೆ ಬಂದು ಪಂಗಡ ಅಳಿಸಿದರು, ನಮ್ಮವರು ನಾಲ್ಕು ಮನೆಯ ಗೋಡೆ ಒಡೆದರು. ನನಗೆ ಎರಡನೆಯದೇ ಜಾಸ್ತಿ ಕಷ್ಟದ ಕೆಲಸ ಅನಿಸುತ್ತದೆ, ಅದಕ್ಕೇ ಅದರ ಮೇಲೆ ಗೌರವ. ಆದರೂ ಭಾನುವಾರ ಹೋಗುವುದು ಇಲ್ಲಿಗೇ. ಹಾಡು ಚೆನ್ನಾಗಿರುತ್ತೆ, ಮಗಳಿಗೆ ಗೆಳತಿಯರಿದ್ದಾರೆ, ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಹದಿನೈದು ದಿನ ಮನೆಗೆ ಊಟ ತಂದವರು ಇವರೇ.

ಕೊನೆಗೆ ಮಗಳ ದೀಕ್ಷಾಸ್ನಾನಕ್ಕೆ ರಜೆ ಹಾಕಿ ಮೈಸೂರಿಗೆ ಹೋದೆವು. ಹಳಬರಿಗೆ ವರ್ಗವಾಗಿತ್ತು. ಹೊಸ ಸಭಾಪಾಲಕರು ರಿಜಿಸ್ಟರ್ ತೆಗೆದು, "ಹ್ಯೂಸ್ಟನ್ ಸಭೆಯಿಂದ ಪತ್ರ ತಂದಿದ್ದೀರಾ?" ಅಂದರು. ಏನು ಹೇಳಲಿ, ಬ್ಯಾಗಿನಲ್ಲಿದ್ದ ಹಳೇ ಪತ್ರವನ್ನೇ ತೆಗೆದುಕೊಟ್ಟೆ. ಅದೇ ಚರ್ಚಿನ ಸೀಲು. ಅವರು ಸೀಲು ನೋಡಿದರು, ನನ್ನ ಮುಖ ನೋಡಿದರು, "ಆಯ್ತು, ಮಗೂನ ಕರ್ಕೊಂಡು ಬನ್ನಿ" ಅಂದರು.